ಮುಂದೆ ಗಾಳಿ, ಹಿಂದೆ ಕಸಬರಿಗೆ

ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ನಿಮಗೆ ಹೇಗನಿಸುತ್ತದೋ ತಿಳಿಯದು, ನನಗೆ ಮಾತ್ರ ಅದು ಮಲ್ಲಿಗೆಗಿಂತ ಒಂದು ಕೈ ಮೇಲು. ಇವತ್ತು ಬೆಳಿಗ್ಗೆ ಮೊಮ್ಮಗಳು ಭಾಗ್ಯಾ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿಟ್ಟು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದಳು. ನಾನು ಚಹಾ ಹಿಡಿದುಕೊಂಡು ಪಕ್ಕದಲ್ಲಿ ನಿಂತು ಮೂಗರಳಿಸಿದೆ.

"ಅಜ್ಜಾ, ಇವತ್ತರೆ ನನ್ನ ಹಿಂದ ಬರ್ತಿಯೇನು? ಝಳಕಿ ರಸ್ತೇದಾಗ ಗಾಳಿ ಭಾಳ ಐತಿ," ಎಂದಳು.

"ನಾ ಯಾರ ಹಿಂದೂ ಬರಂಗಿಲ್ಲ," ಎಂದೆ.

ಎರಡು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಅವಳು ರೇಸಿಗೆ ತಯಾರಾಗುತ್ತಿರುವ ಹುಡುಗಿ. ನಾನು ಎಪ್ಪತ್ತು ದಾಟಿದ ಮುದುಕ. ಆದರೂ ಅವಳ ಮುಂದೆಯೋ ಪಕ್ಕದಲ್ಲೋ ಏದುಸಿರು ಬಿಡುತ್ತ ತುಳಿಯುತ್ತೇನೆಯೇ ಹೊರತು ಹಿಂದೆ ಹೋಗುವವನಲ್ಲ. ಮನೆಯವರೆಲ್ಲ ಇದನ್ನು ಅಜ್ಜನ ಹಟ ಎಂದುಕೊಂಡಿದ್ದಾರೆ. ಹಟವಲ್ಲ ಮಾರಾಯರೇ, ಇದು ದಂಡ. ಯಾತರ ದಂಡ ಎಂಬುದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ. ನೀವು ಹೇಗೂ ಕೂತಿದ್ದೀರಿ, ಕೇಳಿ.

ಎಪ್ಪತ್ತರ ದಶಕದಲ್ಲಿ ನಮ್ಮೂರು ಇಂಡಿಯ ಬಸ್ ನಿಲ್ದಾಣದ ಹತ್ತಿರ ಸಿದರಾಯ ಕಾಕಾನ ಸೈಕಲ್ ಅಂಗಡಿ ಇತ್ತು. ಊರಿಗೆಲ್ಲ ಅವನು ಕಾಕಾ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ. ಒಂದು ಕಾಲು ಹುಟ್ಟಿನಿಂದ ತುಸು ಗಿಡ್ಡ. ರೇಸ್ ಆಡಬೇಕೆಂಬ ಹುಚ್ಚು ಎದೆ ತುಂಬ ಇದ್ದು, ಕಾಲು ಒಲ್ಲೆ ಎಂದ ಮೇಲೆ ಮನುಷ್ಯ ಏನು ಮಾಡಬೇಕು? ಊರ ಹುಡುಗರನ್ನು ಹಿಡಿದು ತುಳಿಸುತ್ತಿದ್ದ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ರೇಸ್ ಇದ್ದರೂ ನಮ್ಮ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹೇರಿಸಿ, ಗಾಳಿ ಹೊಡೆಯುವ ಪಂಪನ್ನು ಬಗಲಲ್ಲಿ ಹಿಡಿದು ತಾನೂ ಬರುತ್ತಿದ್ದ.

ಕಾಕಾನದು ಒಂದೇ ಶಾಸ್ತ್ರ. ಆಗಿನ ರಸ್ತೆಗಳು ಅರ್ಧಕ್ಕರ್ಧ ಗರಸಿನವು, ಉಳಿದವು ಎರೆಮಣ್ಣಿನವು. ಮುಂದಿನವನ ಗಾಲಿ ಎಬ್ಬಿಸಿದ ಧೂಳು ಹಿಂದಿನವನ ಕಣ್ಣು, ಮೂಗು, ಹಲ್ಲಿನ ಸಂದಿ ಎಲ್ಲ ಹೊಕ್ಕು ಕೂರುತ್ತಿತ್ತು. ಮನಗೂಳಿ ದಾಟುವಷ್ಟರಲ್ಲಿ ಹಿಂದುಳಿದವರ ಗುರುತು ಅವರ ಅವ್ವಂದಿರಿಗೂ ಹತ್ತುತ್ತಿರಲಿಲ್ಲ.

"ಹಿಂದ ಬಿದ್ದಾವ ಮಣ್ಣ ತಿಂತಾನಲೇ," ಎನ್ನುತ್ತಿದ್ದ ಕಾಕಾ. "ಸೀಟಿ ಊದಿದ ಕೂಡ್ಲೇ ಮುಂದ ಹೋಗ್ರಿ. ಗಾಳಿ ಎದಿ ಮ್ಯಾಲ ತಗೋರಿ. ಇನ್ನೊಬ್ಬರ ಬೆನ್ನಿಗೆ ಅಡಗಿ ಬರಾವ ರೇಸಿನಾವಲ್ಲ, ಕಳ್ಳ!"

ಈ ಶಾಸ್ತ್ರದಿಂದಲೇ ನಾನು ಜಿಲ್ಲೆ ಗೆದ್ದೆ, ರಾಜ್ಯ ಗೆದ್ದೆ. ಒಂದು ದಿನ ಬೆಲ್ಜಿಯಂ ದೇಶದ ಹವ್ಯಾಸಿಗಳ ರೇಸಿಗೆ ಹೋಗುವ ನಾಲ್ಕು ಮಂದಿಯಲ್ಲಿ ನನ್ನ ಹೆಸರೂ ಬಂತು. ಅಬ್ಬಾ, ನಮ್ಮೂರಿನ ಸಂಭ್ರಮ ನೀವು ನೋಡಬೇಕಿತ್ತು! ಬೆಲ್ಜಿಯಂ ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. "ಸೊಲ್ಲಾಪುರದ ಆಚೀಕಡೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಸುಳ್ಳೇನಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿದಳು. ಕಾಕಾ ಬಸ್ಸಿನ ಕಿಟಕಿಗೆ ಬಂದು ನನ್ನ ಕೈ ಹಿಡಿದ.

"ತಮ್ಮಾ, ಸೋತ ಬಂದ್ರ ನಾ ಏನೂ ಅನ್ನಂಗಿಲ್ಲ. ಆದ್ರ ಸೈಕಲ್ ಮ್ಯಾಲ ಹ್ವಾದಾವ ಸೈಕಲ್ ಮ್ಯಾಲೇ ಬರಬೇಕು. ನಡಬರಕ ಇಳದು ಗಾಡ್ಯಾಗ ಕುಂತಾ ಅನ್ನೂ ಸುದ್ದಿ ಬರಬಾರ್ದು. ನನ್ನ ಕಾಲಿನ ಆಣಿ."

ಅವನು ತನ್ನ ಕಾಲಿನ ಮಾತೆತ್ತಿದ್ದು ಅದೇ ಮೊದಲು.

ರೇಸಿನ ದಿನ ಬೆಳಿಗ್ಗೆ ನಾನು ಮೊದಲು ಕಂಡದ್ದು ಆ ಗಾಡಿಯನ್ನು. ಎಲ್ಲರ ಹಿಂದೆ ನಿಂತ ಒಂದು ವ್ಯಾನು. ಅದರ ಮೇಲೆ ನೆಟ್ಟಗೆ ಒಂದು ಕಸಬರಿಗೆ ಕಟ್ಟಿದ್ದರು! ನಮ್ಮ ಮ್ಯಾನೇಜರರನ್ನು ಕೇಳಿದೆ. "ಗೊತ್ತುಮಾಡಿದ ವೇಗದಲ್ಲಿ ಹಿಂದಿನಿಂದ ಬರುತ್ತ, ಕೈಲಾಗದೆ ಹಿಂದುಳಿದವರನ್ನು ಗುಡಿಸಿ ತುಂಬಿಕೊಂಡು ಬರುವ ಗಾಡಿಯಪ್ಪ," ಎಂದರು. ನಮ್ಮ ಕಡೆ ಕಸಬರಿಗೆ ಮೈಗೆ ತಾಗಿದರೇ ಜಗಳವಾಗುತ್ತದೆ. ಇಲ್ಲಿ ನೋಡಿದರೆ ಅದು ಗಾಡಿ ಏರಿ ನನ್ನ ಬೆನ್ನು ಹತ್ತಿ ಬರಲಿದೆ.

ಸೀಟಿ ಹೊಡೆದರು. ನಾನು ಬಿಟ್ಟ ಬಾಣ! ಮೊದಲ ಮೈಲಿಯಲ್ಲೇ ನೂರಾರು ಮಂದಿಯ ಮುಂದೆ ನಾನೊಬ್ಬನೇ. ರಸ್ತೆಯ ಎರಡೂ ಬದಿಗೆ ಜನ ನಿಂತು ಕೂಗುತ್ತಿದ್ದಾರೆ, ಹೆಂಗಸರು ಕರವಸ್ತ್ರ ಬೀಸುತ್ತಿದ್ದಾರೆ, ಎದುರಿಗೆ ಗಾಳಿ ನಮ್ಮ ಆಷಾಢದ ಗಾಳಿಯ ಹಾಗೆ ಹೂಂಕರಿಸುತ್ತಿದೆ. ನನಗೋ ಆನಂದವೋ ಆನಂದ. ಹಿಂತಿರುಗಿ ನೋಡಿದೆ. ಅಷ್ಟೂ ಮಂದಿ ನನ್ನ ಹಿಂದೆ ಒತ್ತೊತ್ತಾಗಿ ಬರುತ್ತಿದ್ದಾರೆ, ಕೆಲವರು ನಗುತ್ತಲೂ ಇದ್ದಾರೆ. ಪಾಪ, ನನ್ನನ್ನು ದಾಟಲಾರದೆ ನಾಚಿ ನಗುತ್ತಿರಬೇಕು ಎಂದುಕೊಂಡೆ! ಪೆದ್ದುತನಕ್ಕೂ ಒಂದು ಮಿತಿ ಬೇಡವೇ? ಅಲ್ಲಿಯ ರಸ್ತೆಯಲ್ಲಿ ಹಿಡಿ ಧೂಳೂ ಇರಲಿಲ್ಲ. ಧೂಳಿಲ್ಲದ ಕಡೆ ಹಿಂದೆ ಇರುವವನೇ ಜಾಣ. ಅವರೆಲ್ಲ ನನ್ನನ್ನು ಗಾಳಿಗೆ ಗೋಡೆ ಮಾಡಿಕೊಂಡು ತಂಪಾಗಿ ಬರುತ್ತಿದ್ದರು.

ಒಂದು ತಾಸು ಹಾಗೆ ತುಳಿದೆ. ಆಮೇಲೆ ಒಂದು ತಿರುವಿನಲ್ಲಿ ಅವರು ಎಡಕ್ಕೂ ಬಲಕ್ಕೂ ಭರ್ರೆಂದು ನನ್ನನ್ನು ದಾಟಿದರು. ನನ್ನ ತೊಡೆಗಳು ಕಟ್ಟಿಗೆಯಾಗಿದ್ದವು. ಕಣ್ಣೆದುರೇ ಆ ಹಿಂಡು ದೂರವಾಯಿತು. ಆಮೇಲೆ ರಸ್ತೆ ಖಾಲಿ. ಹಿಂದಿನಿಂದ ಒಂದು ಇಂಜಿನ್ ಗುರುಗುಟ್ಟುವ ಸದ್ದು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡದೆಯೂ ಆ ಕಸಬರಿಗೆ ನನಗೆ ಕಾಣುತ್ತಿತ್ತು. ಅಳು ಬಂತು, ಅತ್ತೆ. ಅಳುತ್ತಲೇ ತುಳಿದೆ.

ಆಗ ಬಂದ ಒಬ್ಬ ಕೆಂಪು ಮೀಸೆಯವನು. ಪಂಕ್ಚರ್ ಆಗಿ ನನಗಿಂತಲೂ ಹಿಂದೆ ಬಿದ್ದಿದ್ದ ಅಲ್ಲಿಯದೇ ಮನುಷ್ಯ. ನನ್ನನ್ನು ದಾಟಿ ಮುಂದೆ ಹೋದವನು ತನ್ನ ಬೆನ್ನನ್ನು ತಟ್ಟಿ ತೋರಿಸಿ, 'ಇಲ್ಲಿ ಬಾ' ಎಂದು ಸನ್ನೆ ಮಾಡಿದ. ಕಳ್ಳನಾಗಲೇ? ಕಾಕಾನ ಮುಖ ಕಣ್ಣಿಗೆ ಕಟ್ಟಿತು. ಅದರ ಬೆನ್ನಿಗೇ ಇಂಜಿನ್ನಿನ ಸದ್ದು ಕಿವಿಗೆ ಬಿತ್ತು. ಹೋಗಿ ಅವನ ಬೆನ್ನಿಗೆ ಅಂಟಿಕೊಂಡೆ.

ಏನು ಹೇಳಲಿ! ಮುಚ್ಚಿದ ಬಾಗಿಲ ಹಿಂದೆ ಹೊಕ್ಕಂತೆ ಗಾಳಿಯೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಅವನು ಮೊಣಕೈಯನ್ನು ಪಟಕ್ಕನೆ ಹೊರಗೆ ಆಡಿಸಿದ. ದೂರ ಸರಿ ಎನ್ನುತ್ತಿದ್ದಾನೆಂದು ಸರಿದೆ. ಅವನು ಕಿರುಚಿದ, ಮತ್ತೆ ಮೊಣಕೈ ಆಡಿಸಿದ, ವೇಗ ತಗ್ಗಿಸಿ ನನ್ನ ಹಿಂದೆ ಬಂದ. ಆಗ ಹೊಳೆಯಿತು. ಅಯ್ಯೋ, ಇದು ನಮ್ಮ ಮುಯ್ಯಾಳು! ಕಳೆ ತೆಗೆಯಲು ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು? ಅಪ್ಪ, ಅವ್ವ, ಓಣಿಯವರೆಲ್ಲ ಮಾಡುತ್ತಿದ್ದದ್ದೇ ಇದು. ಸೈಕಲ್ ಏರಿದಾಗ ಮಾತ್ರ ನಮಗೆ ಮರೆತಿತ್ತು.

ಅಲ್ಲಿಂದ ಮುಂದೆ ಒಂದು ಪಾಳಿ ಅವನದು, ಒಂದು ಪಾಳಿ ನನ್ನದು. ಮಾತಿಲ್ಲ, ಕತೆಯಿಲ್ಲ, ಮೊಣಕೈಯೊಂದೇ ಭಾಷೆ. ಇಂಜಿನ್ನಿನ ಸದ್ದು ಸಣ್ಣದಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ನಾನು ಗಟ್ಟಿಯಾಗಿ ಕೇಕೆ ಹಾಕಿದೆ. ಕೆಂಪು ಮೀಸೆಯವನೂ ಕೇಕೆ ಹಾಕಿದ. ರೇಸ್ ಮುಗಿಯುವ ಗೆರೆ ಕಂಡೊಡನೆ ಅವನು ನನ್ನ ಬೆನ್ನ ಹಿಂದಿನಿಂದ ಚಂಗನೆ ಹಾರಿ ನನ್ನನ್ನು ದಾಟಿ ಹೋದ. ಸರಿಯೇ, ಮುಯ್ಯಿ ತೀರಿದ ಮೇಲೆ ಯಾರ ರಾಶಿ ಅವರಿಗೆ. ಕಟ್ಟಕಡೆಯವನಾಗಿ ಗೆರೆ ಮುಟ್ಟಿದೆ. ಆದರೆ ಮುಟ್ಟಿದೆ! ಸೈಕಲ್ ಮೇಲೆಯೇ!

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಇಂಡಿಗೆ ಮರಳಿ ಬಸ್ಸಿಳಿದಾಗ ಕಾಕಾ ಮಾಲೆ ಹಿಡಿದು ನಿಂತಿದ್ದ. ಸುತ್ತ ಊರ ಹುಡುಗರು.

"ಗಾಡ್ಯಾಗ ಕುಂತ್ಯೇನು?"

"ಇಲ್ರಿ ಕಾಕಾ. ಕಡೀಕ ಬಂದೆ, ಆದ್ರ ತುಳದೇ ಬಂದೆ."

"ಭೇಷ್! ಯಾರ ಬೆನ್ನಿಗರೆ ಅಡಗಿದ್ಯೇನು?"

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನ ಕಣ್ಣುಗಳು ತುಂಬಿದ್ದವು.

"ಇಲ್ರಿ. ಎದಿ ಮ್ಯಾಲ ಗಾಳಿ ತಗೊಂಡೇ ಬಂದೆ," ಎಂದೆ.

ಕಾಕಾ ಆ ಮಾತನ್ನು ಮುದ್ದೇಬಿಹಾಳದವರೆಗೂ ಸಾರಿಕೊಂಡು ಬಂದ. ಅವನ ಹುಡುಗರು ಅದನ್ನೇ ನಂಬಿ ದೂರದೂರುಗಳ ಡಾಂಬರು ರಸ್ತೆಗಳಲ್ಲಿ ಒಬ್ಬೊಬ್ಬರೇ ಗಾಳಿಗೆ ಎದೆಯೊಡ್ಡಿ ಸೋತು ಬಂದರು. ಒಬ್ಬನಂತೂ ನನ್ನ ಮುಂದೆಯೇ ಸೈಕಲ್ ಮಾರಿದ. ನಾನು ಬಾಯಿ ಬಿಡಲಿಲ್ಲ. ಕಾಕಾ ಅದನ್ನು ನಂಬಿಕೊಂಡೇ ತೀರಿಹೋದ. ಅಂದಿನಿಂದ ನಾನು ಯಾರ ಹಿಂದೆಯೂ ಹೋದವನಲ್ಲ. ಆಡಿದ ಸುಳ್ಳನ್ನು ತುಳಿದಾದರೂ ನಿಜ ಮಾಡುವ ಹುಚ್ಚು ನೋಡಿ.

ಇವತ್ತು ಬೆಳಿಗ್ಗೆ ಚಹಾ ಮುಗಿಸಿ ಮೊಮ್ಮಗಳೂ ನಾನೂ ಹೊರಟೆವು. ಝಳಕಿ ರಸ್ತೆಯಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ಮೈಲಿಗೆ ನನ್ನ ಉಸಿರು ಕಿತ್ತುಹೋಯಿತು. ಭಾಗ್ಯಾ ನನ್ನ ಮುಂದೆ ಬಂದಳು, ತಿರುಗಿ ನೋಡಿದಳು, ಬೆನ್ನು ತಟ್ಟಿ ತೋರಿಸಿದಳು. ಅದೇ ಸನ್ನೆ! ಯಾವ ಕೋಚು ಕಲಿಸಿದನೋ. ನಾನು ಹೋಗಿ ಅವಳ ಬೆನ್ನಿಗೆ ಬಿದ್ದೆ. ಸುಮಾರು ಐವತ್ತು ವರ್ಷಗಳ ಮೇಲೆ ಗಾಳಿ ಮತ್ತೆ ನಿಂತಿತು. ಆ ಮರೆಯಲ್ಲಿ ಮಾತು ತಾನಾಗಿ ಬಂತು. ಕೆಂಪು ಮೀಸೆಯವನಿಂದ ಹಿಡಿದು ಕಾಕಾನ ಮಾಲೆಯವರೆಗೆ ಎಲ್ಲವನ್ನೂ ಅವಳ ಬೆನ್ನಿಗೆ ಕೂಗಿ ಹೇಳಿದೆ.

ಬಯ್ಯುತ್ತಾಳೆಂದುಕೊಂಡೆ. ನಕ್ಕಾಳೆಂದೂ ಅಂಜಿದೆ. ಅವಳು ಎರಡನ್ನೂ ಮಾಡಲಿಲ್ಲ. ಮೊಣಕೈಯನ್ನು ಪಟಕ್ಕನೆ ಆಡಿಸಿದಳು.

"ಸಾಕ ಬಾ ಅಜ್ಜಾ, ಮುಂದ," ಎಂದಳು. "ಈಗ ನಿನ್ನ ಪಾಳಿ."