ಪಕ್ಕದ ಸೀಟು

ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆಯವರು ಕಾರ್ ರ‍್ಯಾಲಿಗಳ ಡ್ರೈವರ್. ಕೂತು ಮಾತಾಡುವಾಗಲೂ ಅವರ ಎಡಗೈ ಗೇರ್ ಬದಲಿಸುತ್ತಲೇ ಇರುತ್ತಿತ್ತು. ತಂದೆಯ ರೇಸ್ ಕಾರಿನ ನಂಬರನ್ನೇ ತಮ್ಮ ಕಾರಿನ ಮೇಲೂ ಬರೆಸಿಕೊಂಡಿದ್ದರು, ಆಮೇಲೆ ಮಗಳ ಕಾರಿನ ಮೇಲೂ. ಯಲ್ದೂರಿನ ಮಾವಿನ ತೋಪುಗಳ ನಡುವಿನ ಮಣ್ಣುದಾರಿಯಲ್ಲಿ ಅವಳಿಗೆ ಕಲಿಸಿದವರು ಅವರೇ. "ಹೆದರ್ಬೇಡ ಕಣಮ್ಮಾ, ಹೆದರಿದ್ರೆ ಬಂಡಿಗೆ ಗೊತ್ತಾಗ್ಬಿಡುತ್ತೆ" ಎಂದು ಸದಾ ಹೇಳುತ್ತಿದ್ದರು.

ಅವಳ ಮೊದಲ ದೊಡ್ಡ ರ‍್ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದವರೂ ಅವರೇ. ಒಂದು ತಿರುವಿನಲ್ಲಿ ಕಾರು ಪಲ್ಟಿಯಾಯಿತು. ಮಗಳು ಅಲ್ಲೇ ತೀರಿಕೊಂಡಳು. ಅವರಿಗೆ ಆದದ್ದು ಬರೀ ತರಚುಗಾಯ.

ಅದಾದ ಮೇಲೆ ಒಂದು ಮಧ್ಯಾಹ್ನ ನಮ್ಮಮ್ಮನಿಗೆ ಎದೆನೋವು ಬಂತು. ಆಂಬುಲೆನ್ಸ್ ಸಿಗದೆ ನಾನು ಅವರ ಮನೆಗೆ ಓಡಿದೆ. ಅವರು ತಕ್ಷಣ ಬಂದರು, ಅಮ್ಮನನ್ನು ಕಾರಿನಲ್ಲಿ ಮಲಗಿಸಿದರು, ಸ್ಟೀರಿಂಗ್ ಹಿಡಿದರು. ಕಾರು ಮಾತ್ರ ಹೊರಡಲಿಲ್ಲ. ಅವರ ಎಡಗೈ ಗೇರಿನ ಮೇಲೆ ಅಲುಗದೆ ನಿಂತುಬಿಟ್ಟಿತ್ತು.

"ನನ್ನ ಕೈಲಿ ಆಗ್ತಿಲ್ಲ ಕಣೋ" ಎಂದು ಅತ್ತುಬಿಟ್ಟರು.

ಯಾರದೋ ಆಟೋದಲ್ಲಿ ಕೋಲಾರದ ಆಸ್ಪತ್ರೆ ಸೇರಿದೆವು. ಅಮ್ಮ ಉಳಿದಳು. ಮಾರನೆಯ ದಿನ ಅವರು ಬಸ್ಸಿನಲ್ಲಿ ನೋಡಲು ಬಂದು, ಮಂಚದ ಪಕ್ಕ ನಿಂತೇ ಇದ್ದರು.

"ಅಕ್ಕಾ, ಆ ತಿರುವಲ್ಲಿ ಮಗು ಬ್ರೇಕ್ ಹಾಕ್ಲಾ ಅಂತ ಕೇಳಿದ್ಲು. ಬೇಡ, ಹೋಗು ಅಂದೋನು ನಾನೇ."

ಅಮ್ಮ ಅವರ ಕೈ ಹಿಡಿದು ಮಂಚದ ಅಂಚಿನಲ್ಲಿ ಕೂರಿಸಿದಳು. ಆಮೇಲೆ, "ನಿನ್ನ ಹೆಂಡ್ತಿಗೆ ಹೇಳಿದೀಯೇನಪ್ಪಾ?" ಎಂದಳು.

"ಇಲ್ಲಕ್ಕಾ. ನಾನಾದ್ರೂ ಉಳಿದ್ನಲ್ಲಾ ಅಂತ ಅವಳು ದಿನಾ ದೇವರಿಗೆ ದೀಪ ಹಚ್ತಾಳೆ."