ಛೂ ಎಂದ ಬಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮನೆಯವರು ಮದುವೆಯಾದ ಹೊಸತರಲ್ಲೇ ಕಂಡುಹಿಡಿದಿದ್ದರು. ಕಾಫಿ ಒಣಗಿಸುವ ದಿನಗಳಲ್ಲಿ ಅದು ಮೂಗು ಬಿಟ್ಟು ಬಾಯಿಗೇ ಇಳಿಯುತ್ತದೆ. ಆಲ್ದೂರಿನಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ತೋಟ. ಹಣ್ಣು ಕುಯ್ದು ಕಣದಲ್ಲಿ ಹರವಿದೆವೋ ಇಲ್ಲವೋ, ಬೇಲಿಯಾಚೆ ಮನೆಯ ಅಕ್ಕನ ಕೋಳಿಗಳು ಹಾಜರು. ಅವು ಕಾಫಿ ತಿನ್ನುವುದಿಲ್ಲ. ತಿಂದಿದ್ದರೆ ಹೊಟ್ಟೆಪಾಡು ಎಂದು ಸುಮ್ಮನಿರಬಹುದಿತ್ತು. ಬರೀ ಕೆದಕುತ್ತವೆ. ನಾನು ಬೆಳಿಗ್ಗೆಯೆಲ್ಲ ಸೊಂಟ ಬಗ್ಗಿಸಿ ಎಳೆದ ಸಾಲುಗಳನ್ನು ಅರ್ಧ ಗಳಿಗೆಯಲ್ಲಿ ಚೆಲ್ಲಾಪಿಲ್ಲಿ ಮಾಡಿ, ಏನೂ ಆಗದವರಂತೆ ಕತ್ತು ಕೊಂಕಿಸಿ ನನ್ನನ್ನೇ ನೋಡುತ್ತಿದ್ದವು.

ಆ ವರ್ಷ ನಮ್ಮಲ್ಲಿ ಹೊಸದಾಗಿ ಒಂದು ಕುನ್ನಿ ಇತ್ತು. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ, ನಮ್ಮನೆಯವರ ಸ್ನೇಹಿತರ ಬಂಗಲೆಯಲ್ಲಿ ಹುಟ್ಟಿದ ಪಾಯಿಂಟರ್ ನಾಯಿಮರಿ. ಬಿಳಿ ಮೈ, ಕಂದು ಕಿವಿ, ಒಂದು ಕ್ಷಣ ಸುಮ್ಮನಿರದ ಮೂಗು. ಹಕ್ಕಿ ಎಲ್ಲಿ ಅಡಗಿದೆ ಎಂದು ವಾಸನೆಯಿಂದಲೇ ಪತ್ತೆ ಮಾಡಿ, ಅಲ್ಲೇ ನಿಂತು ತೋರಿಸುವುದಕ್ಕಾಗಿಯೇ ಬೆಳೆಸಿದ ಜಾತಿ. ಅದಕ್ಕೆ ಭಾರಿ ಹೆಸರೊಂದನ್ನು ಇಟ್ಟಿದ್ದೆವು, ಆದರೆ ಕರೆಯುತ್ತಿದ್ದುದು ಮಾತ್ರ ಕುನ್ನಿ ಎಂದೇ.

ಒಂದು ಬೆಳಿಗ್ಗೆ ನನಗೆ ತಾಳ್ಮೆ ಕೆಟ್ಟಿತು. ಕಣದ ಮೇಲಿದ್ದ ಕೋಳಿಗಳತ್ತ ಕೈ ತೋರಿಸಿ ಕುನ್ನಿಗೆ "ಛೂ!" ಎಂದೆ.

ಅಬ್ಬಾ, ಅದು ಹೋದ ರೀತಿಯೇ! ಬಿಟ್ಟ ಬಾಣ. ಕೋಳಿಗಳು ಕೊಕ್ಕೋ ಎಂದು ಬೇಲಿ ಹಾರಿ ಬಿದ್ದವು. ನಾನು ಚಪ್ಪಾಳೆ ತಟ್ಟಿದೆ, ನಕ್ಕೆ, ಕರೆದು ರೊಟ್ಟಿಯ ಚೂರು ಕೊಟ್ಟೆ. ಮಾರನೆಯ ದಿನವೂ ಛೂ, ಅದರ ಮಾರನೆಯ ದಿನವೂ ಛೂ. ನಮ್ಮ ಕಡೆ ಛೂ ಎನ್ನದೆ ನಾಯಿ ಸಾಕಿದವರು ಯಾರಿದ್ದಾರೆ? ಮಂಗ ಬಂದರೆ ಛೂ, ದನ ನುಗ್ಗಿದರೆ ಛೂ. ನಾಟಿ ನಾಯಿಯಾದರೆ ನಾಲ್ಕು ಹೆಜ್ಜೆ ಓಡಿ, ಬೊಗಳಿ, ಬಂದು ಮಲಗುತ್ತದೆ. ಹಕ್ಕಿಯೇ ಉಸಿರಾಗಿರುವ ಪ್ರಾಣಿಗೆ ಆ ಮಾತು ಹೇಳಬಾರದು ಎಂಬ ಬುದ್ಧಿ ನನಗಿರಲಿಲ್ಲ.

ಕುಯ್ಲು ಮುಗಿಯಿತು, ಕಣ ಖಾಲಿಯಾಯಿತು. ಕುನ್ನಿಯ ಆಟ ಮಾತ್ರ ಮುಗಿಯಲಿಲ್ಲ. ಕೋಳಿಗಳು ಈ ಕಡೆ ಬಾರದಿದ್ದರೆ ತಾನೇ ಆ ಕಡೆ ಹೋಗತೊಡಗಿತು. ಒಂದು ದಿನ ಅಕ್ಕ ಸತ್ತ ಹೇಂಟೆಯೊಂದನ್ನು ಕಾಲು ಹಿಡಿದು ತಂದು ನಮ್ಮ ಜಗಲಿಯ ಮೇಲಿಟ್ಟರು. ಕಾವಿಗೆ ಕೂತಿದ್ದ ಹೇಂಟೆ. ಹನ್ನೊಂದು ಮೊಟ್ಟೆಗಳೂ ಹೋಗಿದ್ದವು.

"ಇದು ನಾಲ್ಕನೇದು," ಎಂದರು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಈ ಊರಿಗೆ ಬಂದ ಮೊದಲ ವರ್ಷ ಕಾಫಿ ಗಿಡದ ರೆಂಬೆ ಸವರಿ ಕಪಾತು ಮಾಡುವುದನ್ನು ಕೈಹಿಡಿದು ಕಲಿಸಿದವರು. ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವರು ಕೂಗಲೇ ಇಲ್ಲ.

"ಇದು ಯಾಕೆ ಹಿಂಗಾಯ್ತು ಮಾರಾಯ್ತಿ? ಬಂದಾಗ ಹಿಂಗಿರ್ಲಿಲ್ಲ ಅಲ್ದಾ?"

ನನಗೆ ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೂ ನಾನು ಹೇಳಿದ್ದು, "ಜಾತಿ ಗುಣ ಅಕ್ಕ. ಅದರ ರಕ್ತದಲ್ಲೇ ಬಂದಿದ್ದು. ಎಂತ ಮಾಡೋದು?"

ಅಕ್ಕ ಕುನ್ನಿಯನ್ನು ನೋಡಿದರು, ಆಮೇಲೆ ನನ್ನನ್ನು. "ಹಂಗಾದ್ರೆ ಅದನ್ನ ಎಲ್ಲಾದ್ರೂ ಕಳಿಸು. ಇಲ್ಲಾ ಸರಪಳಿ ಹಾಕು. ಮಳೆ ಹಿಡಿಯೋದ್ರೊಳಗೆ ಎರಡರಲ್ಲೊಂದು ಆಗ್ಬೇಕು," ಎಂದು ಹೇಂಟೆಯನ್ನು ಎತ್ತಿಕೊಂಡು ಹೋದರು.

ಸರಪಳಿ ಹಾಕಿದೆವು. ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಓಡಲಿಕ್ಕೆಂದೇ ಹುಟ್ಟಿದ ಕಾಲುಗಳು ಕಂಬದ ಸುತ್ತ ಸುತ್ತಿ ಸುತ್ತಿ ನೆಲದಲ್ಲಿ ಬಳೆಯಂತೆ ಗುರುತು ಬಿದ್ದಿತ್ತು. ಹತ್ತಿರ ಹೋದರೆ ಬಾಲ ಆಡಿಸುತ್ತಿತ್ತು, ನನ್ನ ಮೇಲೆ ಅದಕ್ಕೆ ಸಿಟ್ಟೇ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕಡೆಗೆ ನಮ್ಮನೆಯವರು ಕಳಸದ ಹತ್ತಿರ ಕುನ್ನಿಗಳಿಗೆ ಪಾಠ ಹೇಳುವವರೊಬ್ಬರಿದ್ದಾರೆಂದು ವಿಚಾರಿಸಿಕೊಂಡು ಬಂದರು. ಅವರಿಂದಲೂ ಆಗದಿದ್ದರೆ ಕುನ್ನಿಯನ್ನು ಯಾರಿಗಾದರೂ ಕೊಟ್ಟುಬಿಡುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಆ ಮಾತಾಡುವಾಗ ನಾನು ಅತ್ತಿದ್ದನ್ನು ಮುಚ್ಚಿಡುವುದೇನಿಲ್ಲ.

ಕಲಿಸುವವರು ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವರ ಅಪ್ಪ ಹಿಂದಿನ ಕಾಲದ ಪ್ಲಾಂಟರುಗಳ ಶಿಕಾರಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರಂತೆ. ಈಗ ಶಿಕಾರಿಯೂ ಇಲ್ಲ, ಇರಲೂಬಾರದು. ಮತ್ತೆ ಈ ವಿದ್ಯೆ ಯಾಕೆ ಎಂದು ಕೇಳಿದರೆ, "ಕೋವಿ ಕಾಲ ಮುಗೀತು ಅಂತ ಕುನ್ನಿ ಮೂಗಿಗೆ ಯಾರೂ ಹೇಳಿಲ್ವಲ್ಲ ಅಮ್ಮಾವ್ರೇ," ಎಂದು ನಕ್ಕರು. ನಮ್ಮ ಕುನ್ನಿಯನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಸುಮ್ಮನೆ ಕೂತು ಒಂದೊಂದೇ ಶಬ್ದ ಹೇಳುತ್ತಾ ಅದರ ಕಿವಿಯನ್ನೇ ನೋಡಿದರು. ಬಾ. ಹೋಗು. ಕೂರು. ಕುನ್ನಿಗೆ ಅವರ ಪರಿವೆಯೇ ಇರಲಿಲ್ಲ. ಆಮೇಲೆ ಮೆಲ್ಲಗೆ, ಉಸಿರಿನಷ್ಟು ಮೆಲ್ಲಗೆ, "ಛೂ" ಎಂದರು.

ಕುನ್ನಿ ಹಗ್ಗ ಹರಿಯುವಂತೆ ನೆಗೆಯಿತು. ಹಗ್ಗ ಹಿಡಿದಿದ್ದ ನಮ್ಮನೆಯವರು ಮುಗ್ಗರಿಸಿದರು.

"ಇದನ್ನ ಯಾರು ಹೇಳ್ಕೊಟ್ಟಿದ್ದು?"

"ಯಾರೋ ಕೆಲಸದವ್ರು ಇರ್ಬೇಕು," ಎಂದೆ ನಾನು. ಎರಡನೆಯ ಸುಳ್ಳು. ನಮ್ಮನೆಯವರು ಕೆಮ್ಮಿದರು.

"ಯಾರೋ ಪ್ರೀತಿಯಿಂದ ಹೇಳ್ಕೊಟ್ಟಿದಾರೆ," ಎಂದರು ಕಲಿಸುವವರು, ಕುನ್ನಿಯ ಕಡೆಯೇ ನೋಡುತ್ತಾ. "ಹೊಡ್ದು ಕಲ್ಸಿದ್ದನ್ನ ಬೇಗ ಮರೀತವೆ. ಪ್ರೀತೀಲಿ ಕಲ್ಸಿದ್ದನ್ನ ಮರ್ಸೋದೇ ಕಷ್ಟ. ಮೂರು ತಿಂಗ್ಳು ಬಿಟ್ಟಿರಿ. ಆಗ್ತದೆ ಅಂತ ಮಾತು ಕೊಡಲ್ಲ. ಆದ್ರೆ ನೀವೊಂದು ಮಾತು ಕೊಡ್ಬೇಕು. ಆ ಶಬ್ದ ಇನ್ನು ನಿಮ್ಮನೇಲಿ ಯಾರ ಬಾಯಲ್ಲೂ ಬರ್ಬಾರ್ದು. ಮಂಗಕ್ಕೂ ಇಲ್ಲ, ಕಾಗೆಗೂ ಇಲ್ಲ."

ಎರಡು ತಿಂಗಳು ಕಳೆದ ಮೇಲೆ ನೋಡಲು ಬನ್ನಿ ಎಂದು ಹೇಳಿಕಳಿಸಿದರು. ನಾನೊಬ್ಬಳೇ ಬಸ್ಸು ಹತ್ತಿ ಹೋದೆ. ಅವರ ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ದನ ಮೇಯುವ ಹುಲ್ಲಿನ ಬ್ಯಾಣ, ಅದರ ಅಂಚಿಗೆ ಕಾಡು. ಕುನ್ನಿ ನನ್ನನ್ನು ಕಂಡು ಮೈಮೇಲೆ ಹಾರಿತು, ಮುಖವೆಲ್ಲ ನೆಕ್ಕಿತು. ಆಮೇಲೆ ಅವರು ಉದ್ದನೆಯ ಹಗ್ಗ ಕೈಗೆತ್ತಿಕೊಂಡ ಕೂಡಲೇ ನಾನು ಯಾರೋ, ಅದು ಯಾರೋ. ಕೆಲಸಕ್ಕೆ ಹೊರಟ ಮೇಸ್ತ್ರಿಯ ಮುಖ ಅದಕ್ಕೆ ಬಂದುಬಿಟ್ಟಿತು.

ಪಾರಿವಾಳವೊಂದನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಹುಲ್ಲಿನೊಳಗೆ ಮೊದಲೇ ಅಡಗಿಸಿದ್ದರು. ಕುನ್ನಿ ಗಾಳಿಗೆ ಎದುರಾಗಿ ಆಚೆಯಿಂದೀಚೆ ಓಡುತ್ತಾ ಹೋಯಿತು. ಓಟದ ಮಧ್ಯೆ, ಏನಾಯಿತೋ, ನಿಂತಿತು. ಒಂದು ಮುಂಗಾಲು ಎತ್ತಿದ್ದು ಎತ್ತಿದಂತೇ ಇತ್ತು. ಬಾಲ ನೆಟ್ಟಗೆ. ಅವರು ತಗ್ಗಿದ ದನಿಯಲ್ಲಿ "ತಡಿ" ಎಂದರು. ಬುಟ್ಟಿಯ ಬಾಯಿ ತೆರೆದರು. ಪಾರಿವಾಳ ಪಟಪಟನೆ ಎದ್ದು ಅವರ ಮನೆಯ ಮಾಡಿನ ಕಡೆಗೇ ಹಾರಿತು. ಕುನ್ನಿ ಕಣ್ಣಿನಲ್ಲೇ ಅದನ್ನು ಕಳಿಸಿಕೊಟ್ಟಿತು. ಕದಲಲಿಲ್ಲ. ನಮ್ಮ ಕುನ್ನಿ! ಅಂಗಳದಲ್ಲಿ ಗರಿ ಬಿದ್ದರೂ ಹುಚ್ಚೇಳುತ್ತಿದ್ದದ್ದು!

ನಾನು "ಭಲೇ!" ಎಂದು ಕೂಗಲು ಬಾಯಿ ತೆರೆದೆ. ಅವರು ತಿರುಗಿ ನೋಡಿದರು. "ನಿಮ್ಮ ಬಾಯಿಗೂ ಒಂದು ಹಗ್ಗ ತರ್ಬೇಕಿತ್ತು ಅಮ್ಮಾವ್ರೇ," ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಅಷ್ಟೇ ಎಂದುಕೊಂಡು ಇಳಿಯುತ್ತಿದ್ದೆವು. ಕಾಡಿನಂಚಿಗೆ ಬಂದಾಗ ಕುನ್ನಿ ಮತ್ತೆ ನಿಂತಿತು. ಈ ಸಲ ನಿಂತದ್ದೇ ಬೇರೆ. ಮೊದಲಿನದು ಪಾಠ ಒಪ್ಪಿಸಿದಂತಿತ್ತು. ಈಗ ಅದರ ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು, ಆದರೆ ಒಂದು ಕೂದಲಿನಷ್ಟೂ ಮುಂದೆ ಹೋಗಲಿಲ್ಲ. ಅವರು ಹಗ್ಗವನ್ನು ಸಡಿಲ ಬಿಟ್ಟರು, ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಇದು ನಾನಿಟ್ಟಿದ್ದಲ್ಲ," ಎಂದು ಪಿಸುಗುಟ್ಟಿದರು.

ನಾನು ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಕಂಡದ್ದು ಒಣಗಿದ ಜರೀಗಿಡ, ತರಗೆಲೆ. ಎಷ್ಟು ಹೊತ್ತು ನಿಂತೆವೋ. ಆಮೇಲೆ ಆ ತರಗೆಲೆಯೇ ಎದ್ದು ನಡೆಯಿತು. ಕಾಡುಕೋಳಿಯ ಹೇಂಟೆ! ಅದರ ಹಿಂದೆ ಅಡಿಕೆ ಗಾತ್ರದ ಮರಿಗಳು, ಒಂದು, ಎರಡು, ಐದು. ಕುನ್ನಿಯ ಮೂಗಿಗೆ ಮೂರು ಮೊಳ ದೂರದಲ್ಲಿ ಅವು ಒಂದರ ಹಿಂದೊಂದು ಹಾದು ಕಾಡು ಸೇರಿದವು. ಯಾರೂ "ತಡಿ" ಎಂದಿರಲಿಲ್ಲ. ಅದಾಗಿಯೇ ತಡೆದುಕೊಂಡಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೂ ನನಗೆ ಹಾಗೆ ಕೈಮುಗಿಯಬೇಕೆನಿಸಿದ್ದಿಲ್ಲ.

"ಎಷ್ಟು ಚೆನ್ನಾಗಿ ಕಲ್ಸಿದೀರಿ," ಎಂದೆ.

"ನಿಲ್ಲೋದು ನಾನು ಕಲ್ಸಿದ್ದಲ್ಲಮ್ಮ. ಅದು ರಕ್ತದಲ್ಲೇ ಇರ್ತದೆ, ಇದರ ಜಾತಿ ಗುಣ ಅಂದ್ರೆ ನಿಲ್ಲೋದೇ. ಮೇಲೆ ಬಿದ್ದು ಹಿಡಿಯೋದು ಯಾರೋ ಹಾಕಿದ ಮಣ್ಣು. ನಾನು ಆ ಮಣ್ಣು ಕೆರೆದೆ, ಅಷ್ಟೇ."

ವಾಪಸು ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಾಚೆ ಏನಿತ್ತೋ ನನಗೆ ತಿಳಿಯದು. ಜಾತಿ ಗುಣ ಎಂದು ಅಕ್ಕನಿಗೆ ಹೇಳಿದ್ದೆನಲ್ಲ, ಆ ಮಾತೇ ಬಂದು ಬಂದು ಕೆನ್ನೆಗೆ ಹೊಡೆಯುತ್ತಿತ್ತು.

ಮೇ ತಿಂಗಳ ಕೊನೆಗೆ ಕುನ್ನಿ ಮನೆಗೆ ಬಂತು. ಮೊದಲ ದಿನವೇ ಒಂದು ಫಜೀತಿ. ನಮ್ಮನೆಯವರಿಗೆ ದಿನಕ್ಕೆ ನೂರು ಸಲ "ತಡಿ ಮಾರಾಯ" ಎನ್ನದಿದ್ದರೆ ಮಾತೇ ಸಾಗುವುದಿಲ್ಲ. ಅವರು ಫೋನಿನಲ್ಲಿ ಯಾರಿಗೋ "ತಡಿ, ತಡಿ" ಎನ್ನುತ್ತಿದ್ದರೆ, ಊಟದ ತಟ್ಟೆಯತ್ತ ಹೊರಟ ಕುನ್ನಿ ಒಂದು ಕಾಲೆತ್ತಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದೆ! ಜೊಲ್ಲು ಸುರಿಯುತ್ತಿದೆ, ಕಾಲು ಮಾತ್ರ ಇಳಿಯದು. ನಾವು ನಕ್ಕೂ ನಕ್ಕೂ ಸುಸ್ತಾದೆವು. ಅಂದಿನಿಂದ ಅವರು ಫೋನಿನಲ್ಲಿ "ಇರು" ಎನ್ನುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ.

ಆದರೆ ಅಕ್ಕನ ಕೋಳಿಗಳೆದುರು ಏನು ಮಾಡುತ್ತದೋ? ಕಳಸದ ಬ್ಯಾಣ ಬೇರೆ, ತಾನು ಕೊಂದು ರುಚಿ ನೋಡಿದ ಅಂಗಳ ಬೇರೆ. ಕಟ್ಟಿಯೇ ಇಟ್ಟರೆ ಉತ್ತರ ಸಿಗುವುದಿಲ್ಲ. ಮೂರನೆಯ ದಿನ ನಾನೇ ಕುನ್ನಿಯನ್ನು ಕರೆದುಕೊಂಡು ಬೇಲಿ ದಾಟಿದೆ. ಅಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು, ಮೂಲೆಯಲ್ಲಿದ್ದ ದೊಣ್ಣೆ ತೆಗೆದುಕೊಂಡರು.

"ನಾಯಿ ಬಾಲ ನಳಿಗೇಲಿ ಹಾಕಿದ್ರೂ ಡೊಂಕೇ ಅಂತಾರೆ. ಒಂದು ಮರಿಗೆ ಬಾಯಿ ಹಾಕ್ಲಿ, ಇವತ್ತು ನಾನು ಸುಮ್ನಿರಲ್ಲ," ಎಂದರು.

"ಸುಮ್ನಿರ್ಬೇಡಿ ಅಕ್ಕ. ಬಾಯಿ ಹಾಕಿದ್ರೆ ಸಂಜೆ ಒಳಗೆ ಇದನ್ನ ಕೊಟ್ಬಿಡ್ತೀನಿ," ಎಂದು ಹಗ್ಗ ಬಿಚ್ಚಿದೆ.

ಬಾಳೆಯ ಬುಡದಲ್ಲಿ ಹೇಂಟೆಯೊಂದು ಮರಿಗಳೊಂದಿಗೆ ಮಣ್ಣು ಕೆದಕುತ್ತಿತ್ತು. ಕುನ್ನಿ ಎರಡು ಹೆಜ್ಜೆ ಇಟ್ಟಿತು, ಗಾಳಿ ಮೂಸಿತು, ನಿಂತಿತು. ಕಾಲು ಮೇಲೆ. ಬಾಲ ನೆಟ್ಟಗೆ. ಹೇಂಟೆ ರೆಕ್ಕೆ ಕೆದರಿ ಗುರ್ರೆಂದಿತು. ದಡ್ಡ ಮರಿಯೊಂದು ತಾಯಿಯನ್ನು ಬಿಟ್ಟು, ಚಿಂವ್ ಚಿಂವ್ ಎನ್ನುತ್ತಾ ನೇರ ಕುನ್ನಿಯ ಕಡೆಗೇ ಬಂದು, ಎತ್ತಿದ ಕಾಲಿನ ಕೆಳಗೆ ನಿಂತು ನೆಲ ಕುಕ್ಕತೊಡಗಿತು. ಕುನ್ನಿ ಕಾಲು ಇಳಿಸಲಿಲ್ಲ.

ಅಕ್ಕ ದೊಣ್ಣೆಯನ್ನು ಗೋಡೆಗೆ ಒರಗಿಸಿದರು. "ಅಯ್ಯೋ ಶಿವನೇ," ಎಂದು ಗಲ್ಲದ ಮೇಲೆ ಕೈಯಿಟ್ಟರು. "ಜಾತಿ ಗುಣಾನೂ ಬಿಡ್ಸಿದಾರಲ್ಲ ಮಾರಾಯ್ತಿ!"

ಹೌದು ಅಕ್ಕ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕುನ್ನಿ ನನಗೆ ಉಳಿದಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಆ ಎತ್ತಿದ ಕಾಲು ನೋಡುತ್ತಾ ಅಷ್ಟು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಜಾತಿ ಗುಣ ಅಲ್ಲ ಅಕ್ಕ. ಕಣದಲ್ಲಿ ಛೂ ಬಿಟ್ಟಿದ್ದು ನಾನು. ದಿನಾ ಬಿಟ್ಟೆ. ಚಪ್ಪಾಳೆ ಹೊಡ್ದು ಕಲ್ಸಿದೆ."

ಅಕ್ಕ ಬಗ್ಗಿ, ಮರಿಯನ್ನು ಕುನ್ನಿಯ ಕಾಲಡಿಯಿಂದ ಮೆಲ್ಲಗೆ ಎತ್ತಿ ತಾಯಿಯ ಬಳಿ ಬಿಟ್ಟರು.

"ಗೊತ್ತು," ಎಂದರು. "ಬೇಲಿ ಇರೋದು ಕಾಲಿಗೆ, ಕಿವಿಗಲ್ಲ. ದಿನಾ ಕೇಳ್ತಿದ್ದೆ. ಎಂತಕ್ಕೆ ಹಿಂಗಾಯ್ತು ಅಂತ ಅವತ್ತು ಕೇಳಿದ್ದು, ನೀನು ಹೇಳ್ತೀಯ ಅಂತ. ಕಳಿಸು ಅಂದಿದ್ದೂ, ಆಗ್ಲಾದ್ರೂ ಹೇಳ್ತೀಯ ಅಂತ. ನೀನು ಬಾಯಿ ಬಿಡೋ ಬದ್ಲು ಕುನ್ನೀನ ಕಳಿಸ್ದೆ."

ಕುನ್ನಿ ಇನ್ನೂ ಹಾಗೇ ನಿಂತಿತ್ತು, ಎತ್ತಿದ ಕಾಲು ಸಣ್ಣಗೆ ಅದುರುತ್ತಿತ್ತು.

"ಕರಿ ಅದನ್ನ," ಎಂದರು ಅಕ್ಕ. "ಪಾಪ, ಎಷ್ಟು ಹೊತ್ತು ನಿಲ್ಸ್ತೀಯ?"