ಮಂಜನನ್ನು ಯಾರೂ ಮುಟ್ಟಲಿಲ್ಲ

ಎರಡೂ ಕೈ ಅಗಲಿಸಿ ನಾನು ‘ಸೇಫ್’ ಎಂದು ಕೂಗಿದೆ. ಇದು ನನ್ನ ನೆನಪು.

ಆ ಹೊತ್ತಿನಲ್ಲಿ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಇದು ನನ್ನ ಭಾವನ ನೆನಪು.

ಹೋದ ವಾರದವರೆಗೆ ನನ್ನ ನೆನಪಿನ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಈ ಪ್ರಸಂಗವನ್ನು ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಕೆಟ್ಟು ನಿಂತ ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳಿದಾಗೆಲ್ಲ ನನ್ನ ಕೈ ಇನ್ನಷ್ಟು ಅಗಲವಾಗಿದೆ, ದನಿ ಇನ್ನಷ್ಟು ಗಟ್ಟಿಯಾಗಿದೆ. ಇಡೀ ಮೈದಾನ ಸುಳ್ಳಿನ ಪರ, ಸತ್ಯದ ಪರ ನಾನೊಬ್ಬನೇ. ಇಂಥ ಕತೆ ಯಾರಿಗೆ ಬೇಡ ಹೇಳಿ?

ಈಗ ಕೇಳಿದರೆ, ಅಂದು ಅಲ್ಲಿ ನಡೆದದ್ದು ಏನು ಎಂದು ಖಚಿತವಾಗಿ ಹೇಳಲಾರೆ. ನೆನಪಿದ್ದಷ್ಟು ಬರೆಯುತ್ತೇನೆ. ನೀವು ಅರ್ಧ ನಂಬಿದರೆ ಸಾಕು.

ತೊಂಬತ್ತರ ದಶಕದ ಕೊನೆ. ವಿಶ್ವವಿದ್ಯಾಲಯದಿಂದ ನಮ್ಮ ಶಿರಸಿಯ ಕಾಲೇಜಿಗೆ ಒಂದು ಸುತ್ತೋಲೆ ಬಂತು. ಈ ವರ್ಷದಿಂದ ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಬೇಸ್‌ಬಾಲೂ ಇದೆಯಂತೆ. ಘಟ್ಟದ ಮೇಲಿನ ತಂಡಗಳು ನಮ್ಮ ಮೈದಾನದಲ್ಲಿ ಆಡಬೇಕು, ಗೆದ್ದವರು ಧಾರವಾಡಕ್ಕೆ ಹೋಗಬೇಕು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ನನ್ನ ಅಕ್ಕನ ಗಂಡ, ದತ್ತು ಭಾವ. (ನಮ್ಮ ಕಡೆ ಹೆಂಡತಿಯ ತಮ್ಮನೂ ಭಾವನೇ, ಹಾಗಾಗಿ ಅವರಿಗೆ ನಾನೂ ಭಾವ.) ಸುತ್ತೋಲೆ ಹಿಡಿದು ಸ್ಟಾಫ್ ರೂಮಿಗೆ ಬಂದವರು ಸೀದಾ ನನ್ನ ಎದುರು ನಿಂತರು.

“ಭಾವ, ನೀ ಓದಿದ್ದು ಧಾರವಾಡದಲ್ಲಿ ಅಲ್ದ?”

“ಹೌದು.”

“ಅಲ್ಲಿ ಬೇಸ್‌ಬಾಲ್ ಆಡ್ತ. ಹಂಗಾರೆ ನಿಂಗೆ ಗೊತ್ತಿದ್ದು.”

“ಆನು ಓದಿದ್ದು ಫಿಲಾಸಫಿ, ಭಾವ.”

“ಎರಡೂ ಒಂದೇ ನಮನಿ. ನೋಡ್ತಾ ಕುಂತವಂಗೆ ಎಂತದೂ ತಿಳಿತಿಲ್ಲೆ.”

ಹೀಗೆ ನಾನು ಅಂಪೈರ್ ಆದೆ. ಬ್ಯಾಟು ಬೀಸುವ ಜಾಗದ ಹಿಂದೆ ಭಾವ, ಬೇಸ್‌ಗಳ ನಡುವೆ ನಾನು. (ಹಾಸ್ಟೆಲಿನಲ್ಲಿದ್ದಾಗ ಒಂದು ಸಂಜೆ ಯಾರೋ ಕರೆದರೆಂದು ಬೇಸ್‌ಬಾಲ್ ಆಡಿದ್ದೆ ಎಂಬ ಮಸುಕು ನೆನಪು ನನಗೂ ಇದೆ. ಅದು ಲಗೋರಿಯೂ ಇದ್ದಿರಬಹುದು.) ಭಾವ ಕೊಟ್ಟ ನಿಯಮಗಳ ಜೆರಾಕ್ಸ್ ಕಟ್ಟನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಪೂರ್ತಿ ಅಲ್ಲ. ಪರೀಕ್ಷೆಗೂ ಪೂರ್ತಿ ಓದಿದವನಲ್ಲ.

ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಚೆಂಡು ಹೊಡೆದವನು ಒಂದೊಂದಾಗಿ ಮೆಟ್ಟುತ್ತ ಸುತ್ತು ಬರಬೇಕಾದ ನಾಲ್ಕು ಠಾಣೆಗಳೇ ಬೇಸ್‌ಗಳು. ಅವುಗಳ ನಡುವೆ ಓಡುವವನನ್ನು ಔಟ್ ಮಾಡಲು ಎರಡು ದಾರಿ. ಕೆಲವು ಸಲ ಚೆಂಡು ಹಿಡಿದು ಬೇಸ್ ಮೆಟ್ಟಿದರೆ ಸಾಕು. ಅದು ಫೋರ್ಸ್ ಔಟ್. ಕೆಲವು ಸಲ ಚೆಂಡು ಹಿಡಿದು ಓಟಗಾರನನ್ನೇ ಮುಟ್ಟಬೇಕು. ಅದು ಟ್ಯಾಗ್. ಮೊದಲನೆಯದು ಕ್ರಿಕೆಟ್ಟಿನ ರನ್ ಔಟ್ ಇದ್ದಂತೆ, ಎರಡನೆಯದು ಖೋ ಖೋ ಇದ್ದಂತೆ. ಯಾವಾಗ ಯಾವುದು? ಅಲ್ಲೇ ಇರುವುದು ಗುಟ್ಟು.

ಅದನ್ನು ನಾನು ಅರ್ಥ ಮಾಡಿಕೊಂಡದ್ದು ಯಲ್ಲಾಪುರದ ಬಸ್ಸಿನ ಸಹಾಯದಿಂದ.

ನೀವು ಒಂದು ಸೀಟಿನಲ್ಲಿ ಕೂತಿದ್ದೀರಿ. ಅದೇ ಸೀಟಿಗೆ ರಿಸರ್ವೇಶನ್ ಮಾಡಿಸಿದವನೊಬ್ಬ ಬಂದ. ನೀವು ಏಳಲೇಬೇಕು, ಮುಂದಿನ ಸೀಟಿಗೆ ಓಡಲೇಬೇಕು. ನೀವು ಮುಟ್ಟುವ ಮೊದಲೇ ಯಾರೋ ಕಿಟಕಿಯಿಂದ ಆ ಸೀಟಿಗೆ ಟವೆಲ್ ಎಸೆದರೆ ನಿಮ್ಮ ಕತೆ ಮುಗಿಯಿತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಜಾಗವಿಲ್ಲ. ಇದು ಫೋರ್ಸ್ ಔಟ್.

ಆದರೆ ಆ ರಿಸರ್ವೇಶನ್‌ನವನು ಬಾಗಿಲಲ್ಲೇ ಕಂಡಕ್ಟರ್ ಜೊತೆ ಜಗಳ ಮಾಡಿ ಇಳಿದುಹೋದ ಅನ್ನಿ. ಈಗ ನಿಮ್ಮನ್ನು ಯಾರು ಎಬ್ಬಿಸುತ್ತಾರೆ? ಮುಂದಿನ ಸೀಟಿನ ಮೇಲೆ ಹತ್ತು ಟವೆಲ್ ಬೀಳಲಿ, ನಿಮಗೇನು? ಹಳೆಯ ಸೀಟಿಗೆ ವಾಪಸು ಬಂದು ಕೂರಬಹುದು. ನಿಮ್ಮನ್ನು ಇಳಿಸಬೇಕೆಂದರೆ ಯಾರಾದರೂ ನಿಮ್ಮ ರಟ್ಟೆಗೇ ಕೈ ಹಾಕಬೇಕು. ಇದು ಟ್ಯಾಗ್.

ಈ ಬಸ್ ಸಿದ್ಧಾಂತವನ್ನು ಭಾವನಿಗೆ ಹೇಳಿದೆ. “ಚೊಲೋ ಇದ್ದು. ಆದ್ರೆ ಹುಡುಗ್ರಿಗೆ ಹೇಳಡ, ಇದ್ದಿದ್ದೂ ಮರೆತು ಹೋಗ್ತು” ಅಂದರು.

ಪಂದ್ಯದ ದಿನ ಬೇಸ್‌ಗಳು ತಯಾರಾದವು. ಅಡಿಕೆ ಚೀಲಗಳಿಗೆ ಮರಳು ತುಂಬಿ ಹೊಲಿದದ್ದು. ಬೆಳಗ್ಗೆಯೇ ನಮ್ಮ ಶಿರಸಿ ತಂಡ ಶ್ರದ್ಧೆಯಿಂದ ಸೋತು ಮನೆಗೆ ಹೋಯಿತು. ಮಧ್ಯಾಹ್ನ ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಫೈನಲ್.

ನಡುವೆ ಕ್ಯಾಂಟೀನಿನಲ್ಲಿ ಯಲ್ಲಾಪುರ ತಂಡದ ಒಬ್ಬ ಹುಡುಗ ತಟ್ಟೆ ಹಿಡಿದು ನನ್ನ ಪಕ್ಕ ಕೂತ. ಮಂಜುನಾಥ ಅಂತ, ನಂದೊಳ್ಳಿಯವನು, ಬಿ.ಎ. ಕೊನೆಯ ವರ್ಷ. ಅವನು ಓಡುವುದನ್ನು ಬೆಳಗ್ಗೆ ನೋಡಿದ್ದೆ. ಚೆಂಡಿನ ಬಗ್ಗೆ ಅವನಿಗೆ ಹೆಚ್ಚು ತಿಳಿದಿರಲಿಲ್ಲ, ಓಟದ ಬಗ್ಗೆ ಎಲ್ಲ ತಿಳಿದಿತ್ತು.

“ಧಾರವಾಡಕ್ಕೆ ಹೋದ್ರೆ ಸರ್ಟಿಫಿಕೇಟ್ ಕೊಡ್ತಾರೆ ಅಲ್ವ ಸರ್?” ಎಂದು ಕೇಳಿದ.

“ಕೊಡಬಹುದು. ಯಾಕೆ?”

“ಬಿ.ಪಿ.ಎಡ್. ಮಾಡ್ಬೇಕು ಅಂತ ಸರ್. ಡ್ರಿಲ್ ಮಾಸ್ತರ ಆಗ್ಬೇಕು. ಸರ್ಟಿಫಿಕೇಟ್ ಇಲ್ದೆ ಹೋದ್ರೆ ಸೀಟು ಸಿಗೂದೇ ಇಲ್ಲಂತೆ.”

ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ.

ಕೊನೆಯ ಸರದಿ. ಮೂರು ಜನ ಔಟಾದರೆ ಸರದಿ ಮುಗಿಯುತ್ತದೆ. ಯಲ್ಲಾಪುರ ಒಂದು ರನ್ ಹಿಂದೆ, ಒಬ್ಬ ಆಗಲೇ ಔಟಾಗಿದ್ದ. ಮಂಜ ಮೊದಲ ಬೇಸಿನಲ್ಲಿ ನಿಂತಿದ್ದ. ಬ್ಯಾಟು ಹಿಡಿದವನು ಶ್ರೀಕಾಂತ, ಮಂಜನದೇ ತರಗತಿಯವನು.

ಶ್ರೀಕಾಂತ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ ಮೊದಲ ಬೇಸಿನ ಹುಡುಗನ ಕೈಗೇ ಹೋಯಿತು. ನಿಯಮ ಬಲ್ಲವನು ಅದನ್ನು ಮೊದಲು ಎರಡನೇ ಬೇಸಿಗೆ ಎಸೆಯುತ್ತಿದ್ದ. ಆದರೆ ಇವನು ಕ್ರಿಕೆಟ್ ಆಡಿ ಬೆಳೆದವನು. ಹತ್ತಿರದ ವಿಕೆಟ್ ಮೊದಲು ಬೀಳಿಸು ಎಂದು ಕಲಿತವನು. ತನ್ನ ಬೇಸನ್ನೇ ಮೆಟ್ಟಿದ. ಶ್ರೀಕಾಂತ ಔಟ್. ಆಮೇಲೆ ಎರಡನೇ ಬೇಸಿಗೆ ಎಸೆದ. ಅಲ್ಲಿದ್ದವನು ಸಿದ್ದಾಪುರದ ಕ್ಯಾಪ್ಟನ್ ಪ್ರಶಾಂತ. ಚೆಂಡು ಹಿಡಿದು ಅಡಿಕೆ ಚೀಲದ ಮೇಲೆ ಕಾಲಿಟ್ಟು ವಿಕೆಟ್ ಕೀಪರ್ ಹಾಗೆ ಕೈ ಎತ್ತಿದ. ಮಂಜ ಒಂದು ಹೆಜ್ಜೆ ತಡವಾಗಿ ಬಂದು ಅದೇ ಚೀಲ ಮೆಟ್ಟಿದ.

ಪ್ರಶಾಂತ ಅವನನ್ನು ಮುಟ್ಟಲಿಲ್ಲ. ಮುಟ್ಟಬೇಕು ಎಂದು ಅವನಿಗೆ ಹೊಳೆಯಲೂ ಇಲ್ಲ.

ಬಸ್ ನೆನಪಿಸಿಕೊಳ್ಳಿ. ಮಂಜ ನಿಂತಿದ್ದ ಬೇಸಿಗೇ ಓಡಿ ಬರುತ್ತಿದ್ದ ಶ್ರೀಕಾಂತನೇ ರಿಸರ್ವೇಶನ್‌ನವನು, ಅವನು ಇಳಿದುಹೋಗಿದ್ದಾನೆ. ಶ್ರೀಕಾಂತ ಔಟಾದ ಮೇಲೆ ಮಂಜನನ್ನು ತಳ್ಳುವವರು ಯಾರೂ ಉಳಿದಿಲ್ಲ. ಫೋರ್ಸ್ ಹೋಯಿತು, ಇನ್ನು ಟ್ಯಾಗ್ ಬೇಕು. ಮಂಜ ಸೇಫ್.

ಇದು ಗೊತ್ತಿದ್ದದ್ದು ಮೈದಾನದಲ್ಲಿ ನನಗೊಬ್ಬನಿಗೆ. ಸಿದ್ದಾಪುರದವರು ಕುಣಿಯತೊಡಗಿದರು. ಯಲ್ಲಾಪುರದವರು ತಲೆ ಮೇಲೆ ಕೈಹೊತ್ತರು. ಮಂಜ ಪ್ರಶಾಂತನ ಕೈಯಲ್ಲಿದ್ದ ಚೆಂಡನ್ನು ನೋಡಿದ, ತಲೆ ತಗ್ಗಿಸಿದ, ತಿರುಗಿ ತನ್ನ ತಂಡದ ಬೆಂಚಿನ ಕಡೆ ನಡೆದ. ಅಂಪೈರ್ ಕಡೆ ಒಬ್ಬನೂ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತು, ಅಗಲಿಸಿದ ಕೈಯೋ, ಕನ್ನಡಕವೋ? ಅಲ್ಲೇ ಇರುವುದು ತಕರಾರು.

ಮುಂದಿನದು ಚೆನ್ನಾಗಿ ನೆನಪಿದೆ. ನಾನು ‘ಸೇಫ್, ಸೇಫ್’ ಎನ್ನುತ್ತ ಬೆಂಚಿನ ತನಕ ಹೋದೆ. ಪ್ರಶಾಂತ ಹಿಂದೆಯೇ ಓಡಿ ಬಂದ.

“ಸರ್, ಬೇಸ್ ಮೇಲೆ ಕಾಲು, ಕೈಯಲ್ಲಿ ಬಾಲು. ಇನ್ನೆಂತ ಬೇಕು?”

“ಅವನನ್ನ ಮುಟ್ಟಬೇಕಿತ್ತು.”

“ಬೇರೆಯವ್ರನ್ನೆಲ್ಲ ಬೆಳಗಿಂದ ಮುಟ್ದೇ ಔಟ್ ಕೊಟ್ರಿ. ಇವನ್ಯಾಕೆ ಮುಟ್ಬೇಕು? ಇವನೆಂತ ನಿಮ್ಮ ನೆಂಟನಾ?”

ನಾನು ಬಸ್ಸು, ರಿಸರ್ವೇಶನ್, ಟವೆಲ್ ಎಲ್ಲ ವಿವರಿಸಿದೆ. ಭಾವ ಹೇಳಿದ್ದು ಸರಿ ಇತ್ತು. ಇದ್ದದ್ದೂ ಮರೆತುಹೋಯಿತು.

ಆಗ ಮಂಜ ಬಾಯಿ ಬಿಟ್ಟ. “ನಾ ಔಟೇ ಸರ್. ಬಾಲು ಮೊದ್ಲು ಬಂತು. ನಾ ಕಂಡಿದ್ದೆ.”

ಯಲ್ಲಾಪುರ ತಂಡದ ಮ್ಯಾನೇಜರ್ ಪಾಟೀಲ ಸರ್ ಹಾವೇರಿ ಕಡೆಯವರು. ನಿಯಮ ಅವರಿಗೂ ತಿಳಿದಿರಲಿಲ್ಲ, ಆದರೆ ಲಾಭ ಯಾವ ಕಡೆ ಇದೆ ಎಂಬುದು ತಕ್ಷಣ ತಿಳಿಯಿತು.

“ಏ ಮಂಜ್ಯಾ, ಸುಮ್ಕಿರಲೇ. ಅಂಪೈರ್ ಸೇಫ್ ಅಂದಾರ, ನಡುವ ನಿಂದೇನ? ಹೋಗಿ ಆ ಚೀಲದ ಮ್ಯಾಲ ನಿಂದ್ರ ಹೋಗ.”

“ಹೆಂಗ್ ನಿಲ್ಲೂದು ಸರ್? ನಾ ಲೇಟು.”

“ಹರಿಶ್ಚಂದ್ರನ ಮರಿಮಗ ಬಂದಾನ ನೋಡ್ರಿ ನನ್ನ ಟೀಮಿಗೆ. ಸರ, ನೀವು ಬರಕೋರಿ, ಸೇಫ್ ಅಂತ.”

ನನಗೆ ತತ್ವಶಾಸ್ತ್ರದ ತರಗತಿ ನೆನಪಾಯಿತು. ಸಾಕ್ಷಿಗಳು ಹೇಳುವುದು ಒಂದೇ, ಎದುರಾಳಿ ಹೇಳುವುದು ಅದೇ, ಕಕ್ಷಿದಾರನೂ ಅದನ್ನೇ ಒಪ್ಪುತ್ತಾನೆ. ನಿಯಮ ಮಾತ್ರ ಬೇರೆ ಹೇಳುತ್ತದೆ. ಸತ್ಯ ಯಾವುದು? ಡಿಗ್ರಿ ಕೊಡುವಾಗ ಇದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಭಾವ ಎದೆಗೆ ಕಟ್ಟಿದ ಕವಚವನ್ನು ಬಿಚ್ಚುತ್ತ ಬಂದರು. ನನ್ನನ್ನು ಬದಿಗೆ ಕರೆದರು.

“ಓಡಿದವ ಔಟ್ ಹೇಳ್ತ. ಹಿಡಿದವನೂ ಔಟ್ ಹೇಳ್ತ. ನೀ ಒಬ್ಬನೇ ಎಂತಕ್ಕೆ ಹಟ ಮಾಡ್ತೆ?”

“ರೂಲು ಹಂಗಿದ್ದು, ಭಾವ.”

“ರೂಲು ಇದ್ದು. ಸಿದ್ದಾಪುರದ ಬಸ್ಸೂ ಇದ್ದು. ಅದು ತಪ್ಪಿದ್ರೆ ಇವ್ಕೆಲ್ಲ ಊಟ ಹಾಕದು ಯಾರು, ನಿನ್ನ ಅಕ್ಕನಾ?”

ಮುಖ್ಯ ಅಂಪೈರ್ ಅವರೇ. ಮಂಜ ಔಟ್. ಸಿದ್ದಾಪುರದವರು ಗೆದ್ದ ಖುಷಿಯಲ್ಲಿ ಬಸ್ಸಿಗೆ ಓಡಿದರು, ಸಿಕ್ಕಿತಂತೆ. ಪಾಟೀಲರು ಮಂಜನ ಜೊತೆ ಮಾತಾಡದೆ ಯಲ್ಲಾಪುರದ ಬಸ್ ಹತ್ತಿದರು.

ಇಷ್ಟೂ ವರ್ಷ ಇದನ್ನು ನಾನು ಬಹುಮತದ ಮೂರ್ಖತನದ ಕತೆಯಾಗಿ ಹೇಳಿಕೊಂಡು ಬಂದೆ. ನಮ್ಮ ಜನಕ್ಕೆ ಚೆಂಡು ಮೊದಲು ಬಂದರೆ ಸಾಕು, ಕೇಳುವುದಿಲ್ಲ, ನೋಡುವುದಿಲ್ಲ, ಹೊರಟೇಬಿಡುತ್ತಾರೆ. ಆಫೀಸಿನ ಕಿಟಕಿಯಲ್ಲಿ ‘ಸಾಹೇಬರಿಲ್ಲ’ ಎಂದರೆ ಒಳಗೆ ಇಣುಕದೆ ವಾಪಸು ಬರುತ್ತೇವೆ. ಫೋನ್ ಎತ್ತದಿದ್ದರೆ ಸಿಟ್ಟಾಗಿದ್ದಾರೆ ಎಂದು ನಾವೇ ತೀರ್ಮಾನಿಸುತ್ತೇವೆ. (ನನ್ನ ಕತೆಯಲ್ಲಿ ಈ ಭಾಷಣವೂ ಇರುತ್ತಿತ್ತು. ಕೇಳುವವರು ಅಷ್ಟೊತ್ತಿಗೆ ಎಲೆ ಅಡಿಕೆ ತಟ್ಟೆ ಹುಡುಕುತ್ತಿದ್ದರು.)

ಹೋದ ವಾರ ಶಿರಸಿ ಬಸ್ ಸ್ಟ್ಯಾಂಡಿನ ಎದುರು ಒಂದು ಟ್ರ್ಯಾಕ್ಸ್ ನನ್ನ ಪಕ್ಕ ನಿಂತಿತು.

“ಯಲ್ಲಾಪುರಕ್ಕ ಸರ್? ಹತ್ತಿ. ಖಾಲಿ ಹೋಗ್ತಾ ಇದ್ದೆ.”

ಗುರುತು ಸಿಗಲಿಲ್ಲ. ಅವನೇ ಹೇಳಿದ, ಮಂಜುನಾಥ, ನಂದೊಳ್ಳಿ, ಬೇಸ್‌ಬಾಲು. ಈಗ ಮಾಗೋಡು ಜಲಪಾತಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಗಾಡಿ ಇಟ್ಟಿದ್ದಾನೆ. ಗಾಡಿ ಊರು ದಾಟುವುದರೊಳಗೆ ನಾನು ನನ್ನ ಕತೆ ಶುರು ಮಾಡಿದೆ. ಕೈ ಅಗಲಿಸುವಾಗ ಕನ್ನಡಿಗೆ ತಾಗಿತು.

“ಕೂಗಿದ್ದು ಹೌದು ಸರ್,” ಅಂದ ಮಂಜ. “ಆದ್ರೆ ಆಗಲ್ಲ. ನಾ ಬೆಂಚಲ್ಲಿ ಕೂತು ನೀರು ಕುಡಿದಾದ್ಮೇಲೆ ನೀವು ಬಂದ್ರಿ.”

“ಅದಕ್ಕೂ ಮೊದಲು, ನೀನು ಬೇಸಿನ ಮೇಲಿದ್ದಾಗ?”

“ಗೊತ್ತಿಲ್ಲ ಸರ್. ನಾ ತಿರುಗಿ ನೋಡ್ಲೇ ಇಲ್ಲ.”

ಕೈ ತಾಗಿ ವಾಲಿದ್ದ ಕನ್ನಡಿಯನ್ನು ಸರಿ ಮಾಡಿದೆ. ಆಮೇಲೆ ಶ್ರೀಕಾಂತ ಎಲ್ಲಿದ್ದಾನೆ ಎಂದು ಕೇಳಿದೆ.

“ಅವ ಹೈಸ್ಕೂಲಲ್ಲಿ ಡ್ರಿಲ್ ಮಾಸ್ತರ ಸರ್. ಬಿ.ಪಿ.ಎಡ್. ಮಾಡ್ದ.”

“ಅವನಿಗೆ ಸರ್ಟಿಫಿಕೇಟ್ ಎಲ್ಲಿಂದ ಬಂತು? ಅವನೂ ಧಾರವಾಡಕ್ಕೆ ಹೋಗಲಿಲ್ಲವಲ್ಲ.”

“ಇರ್ಲಿಲ್ಲ. ಸುಮ್ನೆ ಒಂದು ಅರ್ಜಿ ಹಾಕ್ದ. ಸಿಕ್ತು.”

“ನೀನು?”

“ನಾ ಹಾಕ್ಲಿಲ್ಲ ಸರ್. ಸಿಗೂದಿಲ್ಲ ಅಂತ ಗೊತ್ತಿತ್ತಲ್ಲ.”

“ಯಾರು ಹೇಳಿದ್ರು?”

ಮಂಜ ಗೇರ್ ಬದಲಿಸಿದ. “ಹಂಗೆ ನೋಡಿದ್ರೆ ಯಾರೂ ಹೇಳ್ಲಿಲ್ಲ ಸರ್,” ಅಂದ. ಯಲ್ಲಾಪುರದಲ್ಲಿ ಇಳಿಸಿ, ಎಷ್ಟು ಹೇಳಿದರೂ ಬಾಡಿಗೆ ತೆಗೆದುಕೊಳ್ಳದೆ ಹೋದ.

ರಾತ್ರಿ ಮನೆಗೆ ಬಂದು ಭಾವನಿಗೆ ಫೋನ್ ಮಾಡಿದೆ. ಈಗ ರಿಟೈರ್ ಆಗಿದ್ದಾರೆ, ದನಿ ಮಾತ್ರ ಇನ್ನೂ ಮೈದಾನದಲ್ಲೇ ಇದೆ.

“ನೀ ಕನ್ನಡಕ ಒರೆಸ್ತಾ ಇದ್ದಿದ್ದೆ. ಆನು ಹಿಂದಿಂದ ಸಮಾ ನೋಡಿದ್ದೆ.”

“ಖಂಡಿತವಾ ಭಾವ?”

“ಇಷ್ಟು ವರ್ಷ ಆದ್ಮೇಲೆ ಎಂತಾ ಖಂಡಿತ? ಆದ್ರೆ ನಂಗೆ ಹಂಗೇ ಕಾಣ್ತಾ ಇದ್ದು.”

ಇನ್ನು ಯಾರನ್ನು ಕೇಳುವುದು? ಸಿದ್ದಾಪುರದವರು ಕುಣಿಯುತ್ತಿದ್ದರು. ಕೈ ಅಗಲಿಸಿದೆನೋ ಇಲ್ಲವೋ ಎಂಬುದನ್ನು ನನ್ನ ಪಾಲಿಗೆ ಕೈಬಿಟ್ಟಿದ್ದೇನೆ. ಆದರೆ ಫೋರ್ಸು, ಟ್ಯಾಗು ಎಂದು ನಾನು ಅಷ್ಟು ಗಟ್ಟಿಯಾಗಿ ವಾದಿಸಿದ್ದಾದರೂ ಸರಿಯೇ ಎಂದು ತಿಳಿಯಲು, ಅಂದು ಪೂರ್ತಿ ಓದದೇ ಬಿಟ್ಟ ನಿಯಮಗಳನ್ನು ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಮೊದಲಿನಿಂದ ಓದಿದೆ. ವಾದ ಸರಿಯಾಗಿಯೇ ಇತ್ತು. ಅದರ ಕೆಳಗೆ ಇನ್ನೊಂದು ನಿಯಮವೂ ಇತ್ತು. ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ.

ಆಟ ಮುಗಿಯಿತು ಎಂದು ತಾನೇ ಅಂದುಕೊಂಡು ದಾರಿ ಬಿಟ್ಟು ಬೆಂಚಿನ ಕಡೆ ನಡೆದ ಓಟಗಾರನನ್ನು, ಯಾರೂ ಮುಟ್ಟದಿದ್ದರೂ, ಔಟ್ ಕೊಡಬಹುದು.